ಸತ್ತವರನ್ನೂ ವೆಂಟಿಲೇಟರ್‌ನಲ್ಲಿ ಇಡುತ್ತಾರಾ?

ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಐಸಿಯುನಲ್ಲಿ ಸತ್ತವರನ್ನೂ ಬಿಲ್ಲಿಗಾಗಿ ಮೂರು ದಿನ ವೆಂಟಿಲೇಟರ್‌ನಲ್ಲಿ ಇಡುತ್ತಾರೆ, ಅಲ್ಲಿನ ನರ್ಸ್‌ಗಳಿಗೆ ಕರುಳೇ ಇಲ್ಲ ಅಂತ. ನಾನು ಇದೇ ಊರಲ್ಲಿ ಐಸಿಯು ನರ್ಸ್.

ವೆಂಟಿಲೇಟರ್ ಶ್ವಾಸಕೋಶಕ್ಕೆ ಗಾಳಿ ತಳ್ಳುತ್ತದೆ, ಅಷ್ಟೇ. ಹೃದಯ ಬಡಿಸುವುದಿಲ್ಲ. ಹೃದಯ ನಿಂತರೆ ಬಿಪಿ ಸಿಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಮೈ ತಣ್ಣಗಾಗಿ ಸೆಟೆದುಕೊಳ್ಳುತ್ತದೆ, ಅದನ್ನು ಮೂರು ದಿನ ಮುಚ್ಚಿಡುವುದು ಆಗದ ಮಾತು. ಮೆದುಳು ಸತ್ತು ಹೃದಯ ಬಡಿಯುತ್ತಿರುವ ಸ್ಥಿತಿ ಇದೆ, ನಿಜ. ಗೊಂದಲ ಶುರುವಾಗುವುದು ಬಹುಶಃ ಇಲ್ಲೇ. ಮೆದುಳು ಸತ್ತಿದೆ ಅಂತ ಒಬ್ಬರು ಸುಮ್ನೆ ಹೇಳಿಬಿಡುವಂತಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರ ತಂಡ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಖಚಿತಪಡಿಸಬೇಕು.

ರೋಗಿ ಕಣ್ಣೇ ಬಿಡಲಿಲ್ಲ, ಕೈ ಕಟ್ಟಿದ್ದರು ಅಂತಾರೆ ಮನೆಯವರು. ನಿದ್ದೆ ಬರಿಸುವ ಔಷಧಿ ಹೋಗುತ್ತಿರುತ್ತದೆ. ಅರೆ ಎಚ್ಚರದಲ್ಲಿ ಗಂಟಲಿನ ಟ್ಯೂಬ್ ಕಿತ್ತುಕೊಳ್ಳಬಾರದು ಅಂತ ಕೆಲವರ ಕೈ ಕಟ್ಟುತ್ತಾರೆ. ಹೊರಗೆ ಕಾಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳುವುದು ಕಡಿಮೆ, ಅನುಮಾನ ಬರದೆ ಇರುತ್ತಾ?

ಕರುಳಿನ ವಿಷಯ. ಒಬ್ಬರು ಹೋದ ಹೊತ್ತಲ್ಲೇ ಪಕ್ಕದ ಬೆಡ್‌ನವರ ಕಫ ತೆಗೆಯಬೇಕಿರುತ್ತದೆ. ಅಳುವುದೆಲ್ಲ ಡ್ಯೂಟಿ ಮುಗಿಸಿ ಸಕಲೇಶಪುರದ ಬಸ್ಸು ಹತ್ತಿದ ಮೇಲೆ.

ಬಿಲ್ ಜಾಸ್ತಿ ಅನ್ನಿಸಿದರೆ ವಿವರ ಕೇಳಿ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಗುಣವಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್ ತೆಗೆಯುವುದಕ್ಕೂ ಸುಪ್ರೀಂ ಕೋರ್ಟ್ ಹೇಳಿದ ದಾರಿ ಇದೆ, ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.