ಶಾಂಘೈನಲ್ಲಿ ನಾನೂ ಹೆಬ್ಬೆಟ್ಟಾಗಿದ್ದೆ

ಮೊನ್ನೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ವಯಸ್ಸಾದ ಒಬ್ಬ ಅಮ್ಮ ನನ್ನ ತೋಳು ಮುಟ್ಟಿ ಕೇಳಿದರು, "ಇದು ಅರಕಲಗೂಡಿಗೆ ಹೋಯ್ತದೇನವ್ವ?" ಬಸ್ಸಿನ ಹಣೆಯ ಮೇಲೆ ದಪ್ಪ ಅಕ್ಷರದಲ್ಲಿ ಊರಿನ ಹೆಸರಿತ್ತು. ಮೊದಲಾಗಿದ್ದರೆ "ಬೋರ್ಡ್ ಇದೆಯಲ್ಲಮ್ಮ" ಅಂದು ಮುಂದೆ ಹೋಗುತ್ತಿದ್ದೆನೇನೋ. ಈಗ ಅವರ ಚೀಲ ಹಿಡಿದು ಬಸ್ಸು ಹತ್ತಿಸಿ, ಕಂಡಕ್ಟರಿಗೂ ಒಂದು ಮಾತು ಹೇಳಿ ಇಳಿದೆ. ಕಣ್ಣೆದುರು ಬೋರ್ಡ್ ಇದ್ದೂ ಓದಲು ಬಾರದೆ ನಿಲ್ಲುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ಶಾಂಘೈನಲ್ಲಿ ಮೂರು ವರ್ಷ ನಾನು ಹಾಗೇ ನಿಂತಿದ್ದೆ.

ರಜಕ್ಕೆ ಊರಿಗೆ ಬಂದಿದ್ದೇನೆ. ಚೀನಾದಲ್ಲಿ ವಿಪಿಎನ್ (ಸರ್ಕಾರದ ತಡೆ ದಾಟಿಸುವ ಆ್ಯಪ್) ಇಲ್ಲದೆ ಫೇಸ್‌ಬುಕ್ ತೆರೆಯುವುದಿಲ್ಲ, ವಾಟ್ಸಾಪೂ ಅಷ್ಟೇ. ಅದಕ್ಕೇ ಮನಸ್ಸಿನಲ್ಲಿ ಇದ್ದದ್ದನ್ನು ಇಲ್ಲೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾವು ಹೋಗಿದ್ದು 2019ರಲ್ಲಿ. ಮಗಳಿಗೆ ಆಗ ನಾಲ್ಕು ವರ್ಷ. ನಮ್ಮ ಮನೆಯವರಿಗೆ ಕೆಲಸದ ವೀಸಾ, ನನ್ನದು ಅವರ ಜೊತೆ ಇರುವುದಕ್ಕೆ ಮಾತ್ರ. ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಕಂಪನಿಯವರು ಇವರಿಗೆ ವಾರಕ್ಕೆ ಎರಡು ದಿನ ಚೈನೀಸ್ ಪಾಠ ಇಟ್ಟರು. ಆದರೆ ಆಫೀಸಿನಲ್ಲಿ ಇವರ ಕೆಲಸವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ತರಕಾರಿ ತರುವವಳು, ಗ್ಯಾಸಿನವನ ಹತ್ತಿರ ಮಾತಾಡುವವಳು, ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳು ನಾನು. ನನಗೆ ಪಾಠ ಬೇಕೇ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. "ಎರಡು ವರ್ಷಕ್ಕೆ ಯಾಕೆ ತಲೆ ಕೆಡಿಸ್ಕೋತೀರಾ, ಮೊಬೈಲಿನಲ್ಲಿ ಅನುವಾದದ ಆ್ಯಪ್ ಇದೆಯಲ್ಲ" ಅಂದರು, ಮೊದಲೇ ಅಲ್ಲಿದ್ದ ನಮ್ಮವರು. ನಾನು ನಂಬಿದೆ.

ಎಂ.ಎ. ಓದಿದವಳು ನಾನು. ಅಂಗಡಿಗೆ ಹೋಗಿ ಅಕ್ಕಿ ಹಿಟ್ಟು ಅಂತ ತಂದದ್ದು ಅಂಟು ಅಕ್ಕಿಯ ಹಿಟ್ಟಾಗಿತ್ತು. ರೊಟ್ಟಿ ತಟ್ಟಲು ಹೋದರೆ ಕೈಗೆ, ಹೆಂಚಿಗೆ, ಎಲ್ಲದಕ್ಕೂ ಮೆತ್ತಿಕೊಂಡಿತು. ಪಕ್ಕದಲ್ಲೇ ಇನ್ನೊಂದು ಪ್ಯಾಕೆಟ್ ಇತ್ತು, ಅದೇ ನಮಗೆ ಬೇಕಾದ ಸಾದಾ ಹಿಟ್ಟು. ಎರಡರ ಮೇಲಿನ ಹೆಸರಿಗೂ ಒಂದೇ ಒಂದು ಅಕ್ಷರದ ವ್ಯತ್ಯಾಸ. ಇದು ಸಣ್ಣ ವಿಷಯ, ಬಿಡಿ.

ಸಣ್ಣದಲ್ಲದ್ದು ಮಗಳ ಶಾಲೆ. ಇಂಟರ್‌ನ್ಯಾಷನಲ್ ಶಾಲೆಯ ಫೀಸು ನಮ್ಮ ಕೈಗೆ ಎಟುಕುವಂತಿರಲಿಲ್ಲ. 2021ರಲ್ಲಿ ಅಲ್ಲಿಯ ಮಕ್ಕಳು ಹೋಗುವ ಶಾಲೆಗೇ ಒಂದನೇ ಕ್ಲಾಸಿಗೆ ಸೇರಿಸಿದೆವು. ಅಲ್ಲಿ ಉಕ್ತಲೇಖನ ಬರೆಸುತ್ತಾರೆ. ತಪ್ಪಾದದ್ದನ್ನು ಮಗು ತಿದ್ದಿ ಬರೆಯಬೇಕು. ಮನೆಯಲ್ಲಿ ದೊಡ್ಡವರು ನೋಡಿ ಕೆಳಗೆ ಸಹಿ ಹಾಕಬೇಕು. ಆರು ವರ್ಷದ ಮಗಳು ಪುಸ್ತಕ ತಂದು, ಬೆರಳಿಟ್ಟು ತೋರಿಸಿ, "ಅಮ್ಮ, ಇಲ್ಲಿ" ಅನ್ನುತ್ತಿದ್ದಳು. ನಾನು ಸಹಿ ಹಾಕುತ್ತಿದ್ದೆ. ಮೇಲೆ ಸರಿ ಬರೆದಿದ್ದಾಳೋ ತಪ್ಪು ಬರೆದಿದ್ದಾಳೋ ನನಗೆ ಒಂದಿಷ್ಟೂ ಗೊತ್ತಿರಲಿಲ್ಲ.

ನಮ್ಮಜ್ಜಿಯ ನೆನಪಾಗುತ್ತಿತ್ತು. ಸೊಸೈಟಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಅವರು ಕಾಗದ ನೋಡುತ್ತಿರಲಿಲ್ಲ, ಗುಮಾಸ್ತನ ಮುಖ ನೋಡುತ್ತಿದ್ದರು. ಅದು ಯಾಕೆ ಅಂತ ಆಗ ನನಗೆ ತಿಳಿದಿರಲಿಲ್ಲ. ಓದಲು ಬಾರದವರಿಗೆ ಎದುರಿಗಿರುವವರ ಮುಖವೇ ಕಾಗದ. ನಾನೂ ಮಗಳ ಮುಖ ನೋಡಿ ಸಹಿ ಹಾಕುತ್ತಿದ್ದೆ.

ಆ ಡಿಸೆಂಬರಿನಲ್ಲಿ ಮಗಳಿಗೆ 39 ಡಿಗ್ರಿ ಜ್ವರ ಬಂತು. ಇವರು ಬೇರೆ ಊರಿನಲ್ಲಿದ್ದರು. ಅಲ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ಚೀಟಿ ಮಾಡಿಸಬೇಕು. ಆಮೇಲೆ ಡಾಕ್ಟರು, ದುಡ್ಡು ಕಟ್ಟುವುದು, ರಕ್ತ ಪರೀಕ್ಷೆ, ಮತ್ತೆ ಡಾಕ್ಟರು, ಮತ್ತೆ ದುಡ್ಡು, ಕೊನೆಗೆ ಔಷಧಿ. ಎಲ್ಲ ಬೇಗ ಬೇಗ ನಡೆಯುತ್ತದೆ, ಓದಲು ಬಂದರೆ. ಹಿಂದೆ ಜನ ಸಾಲುಗಟ್ಟಿದ್ದರು. ನಾನು ಆ್ಯಪ್ ತೆರೆದು ಮೊಬೈಲ್ ಮುಂದೆ ಹಿಡಿಯುವಷ್ಟರಲ್ಲಿ ಡಾಕ್ಟರು ನನ್ನನ್ನು ಬಿಟ್ಟು ಮಗುವಿನ ಹತ್ತಿರ ಮಾತಾಡಲು ಶುರು ಮಾಡಿದರು. ಮಗಳು ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಅಮ್ಮಾ, ಬೆರಳಿಗೆ ಚುಚ್ಚಿ ರಕ್ತ ತೆಗೀತಾರಂತೆ" ಅಂದಳು. ಹೇಳುತ್ತಲೇ ಅಳು ಬಂತು. ತನಗೆ ಚುಚ್ಚುವ ಸುದ್ದಿಯನ್ನು ಅವಳೇ ನನಗೆ ತಿಳಿಸಬೇಕಾಯಿತು. ಜ್ವರದ ಮಗು ಅಮ್ಮನ ಮಡಿಲಲ್ಲಿ ಮಲಗಿರಬೇಕು, ಅಲ್ವಾ? ಅಮ್ಮನಿಗೆ ದಾರಿ ಹೇಳುವ ಕೆಲಸ ಅದರದಲ್ಲ.

ಆಮೇಲೆ 2022 ಬಂತು. ಮಾರ್ಚ್ 28ಕ್ಕೆ ನಮ್ಮ ಪುಡಾಂಗ್ ಕಡೆ ಲಾಕ್‌ಡೌನ್ ಮಾಡಿದರು. ನಾಲ್ಕು ದಿನ ಅಂದಿದ್ದರು, ಎರಡು ತಿಂಗಳಾಯಿತು. ಅಂಗಡಿ ಇಲ್ಲ, ಗೇಟು ದಾಟುವಂತಿಲ್ಲ. ಊಟ ತಿಂಡಿಯ ಸಾಮಾನೆಲ್ಲ ವೀಚಾಟ್ (ವಾಟ್ಸಾಪಿನಂಥ ಅಲ್ಲಿಯ ಆ್ಯಪ್) ಗ್ರೂಪಿನಲ್ಲಿ ಒಟ್ಟಿಗೆ ಆರ್ಡರ್ ಮಾಡಿ ತರಿಸಬೇಕು. ಒಬ್ಬರು ಪಟ್ಟಿ ಶುರು ಮಾಡುತ್ತಾರೆ, ಉಳಿದವರು ಅದರ ಕೆಳಗೆ ಮನೆ ನಂಬರು, ಎಷ್ಟು ಬೇಕು ಅಂತ ಸೇರಿಸುತ್ತಾ ಹೋಗುತ್ತಾರೆ. ಜಿಯೆಲಾಂಗ್ ಅನ್ನುತ್ತಾರೆ ಅದಕ್ಕೆ. ದಿನಕ್ಕೆ ನೂರಾರು ಮೆಸೇಜು. ಆ್ಯಪ್‌ಗೆ ಹಾಕಿ ಇದು ಮೊಟ್ಟೆಯದೋ ಹಂದಿಮಾಂಸದ್ದೋ ಅಂತ ತಿಳಿಯುವಷ್ಟರಲ್ಲಿ ಪಟ್ಟಿ ಮುಗಿದಿರುತ್ತಿತ್ತು. ವಯಸ್ಸಾದವರು ಟೈಪ್ ಮಾಡದೆ ಶಾಂಘೈ ಮಾತಿನಲ್ಲಿ ವಾಯ್ಸ್ ಮೆಸೇಜ್ ಹಾಕುತ್ತಿದ್ದರು, ಅದಂತೂ ಆ್ಯಪ್‌ಗೂ ತಿಳಿಯುತ್ತಿರಲಿಲ್ಲ. ಎರಡು ಸಲ ಹಾಲು ತಪ್ಪಿಹೋಯಿತು. ಕೆಳಗಿನ ಮನೆಯ ಆಯಿ ಗಮನಿಸಿರಬೇಕು. (ಅಲ್ಲಿ ಚಿಕ್ಕಮ್ಮನ ವಯಸ್ಸಿನವರನ್ನು ಆಯಿ ಅನ್ನುತ್ತಾರೆ. ಧಾರವಾಡದ ಕಡೆ ಅಜ್ಜಿಯನ್ನು ಕರೆಯುವ ಹಾಗೇ ಕೇಳಿಸುತ್ತದೆ.) ಮೂರನೇ ಸಲ ಪಟ್ಟಿ ನೋಡಿದರೆ ನಮ್ಮ ಮನೆ ನಂಬರು ಆಗಲೇ ಇತ್ತು, ಮುಂದೆ ಹಾಲು ಎರಡು ಡಬ್ಬ. ನಾನು ಹಾಕಿರಲಿಲ್ಲ, ಅವರೇ ಹಾಕಿದ್ದರು. ಲಾಕ್‌ಡೌನ್ ಮುಗಿಯುವವರೆಗೂ ಹಾಕಿದರು.

ಆ ಹಾಲು ಕಾಯಿಸುವಾಗ ನಿರ್ಧಾರ ಮಾಡಿದೆ, ಇನ್ನು ಕಲಿಯಲೇಬೇಕು ಅಂತ.

ನಮ್ಮ ಕಾಗುಣಿತದ ಹಾಗೆ ಅಲ್ಲ ಅದು. ಕ ಕಲಿತರೆ ಕಾ, ಕಿ ತಾನಾಗಿ ಬರುವುದಿಲ್ಲ. ಅಲ್ಲಿಯ ಮಕ್ಕಳೇ ಪ್ರೈಮರಿ ಶಾಲೆ ಮುಗಿಸುವ ಹೊತ್ತಿಗೆ ಸುಮಾರು 3,000 ಅಕ್ಷರ ಗುರುತಿಸಬೇಕು. ಆದರೆ ಒಳಗೆ ಹೊಕ್ಕರೆ ಒಂದು ದಾರಿ ಇದೆ. ಮಗಳ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು ಆಯಿ ನನಗೆ ಮೊದಲು ತೋರಿಸಿದ್ದು ಅಕ್ಷರದ ಎಡಗಡೆ ಬರುವ ಮೂರು ಹನಿ. ಮೂರು ಹನಿ ಇದ್ದರೆ ಸಾಮಾನ್ಯವಾಗಿ ನೀರಿಗೆ ಸಂಬಂಧ. ನದಿ, ಕೆರೆ, ಸಾರು, ಬೆವರು, ಕಣ್ಣೀರು, ತೊಳೆಯುವುದು, ಎಲ್ಲದರಲ್ಲೂ ಅದೇ ಮೂರು ಹನಿ. ಶಾಂಘೈ ಅನ್ನುವ ಹೆಸರಿನ ಎರಡನೇ ಅಕ್ಷರ ಸಮುದ್ರ, ಅದರಲ್ಲೂ ಇದೆ. ನಾವಿರುವ ಪುಡಾಂಗ್ ಅಂದರೆ ಹುವಾಂಗ್‌ಪು ನದಿಯ ಪೂರ್ವ, ಆ 'ಪು'ವಿನಲ್ಲೂ ಇದೆ. ಮಾರನೇ ದಿನ ಬಾಲ್ಕನಿಯಿಂದ ಎದುರಿನ ಬೋರ್ಡುಗಳಲ್ಲಿ ಮೂರು ಹನಿ ಹುಡುಕುತ್ತಾ ನಿಂತೆ. ಮೂರು ವರ್ಷ ಬರೀ ಗೀಟುಗಳಾಗಿ ಕಂಡ ಬೀದಿ ಅವತ್ತು ಮೊದಲ ಸಲ ಏನೋ ಹೇಳಿತು.

ಈಗ ನನಗೆ ಬರುವುದು ಜಾಸ್ತಿ ಏನಲ್ಲ. ಎಚ್‌ಎಸ್‌ಕೆ ಅನ್ನುವ ಚೈನೀಸ್ ಭಾಷಾ ಪರೀಕ್ಷೆಯ ಮೂರನೇ ಹಂತ ಪಾಸಾಗಿದ್ದೇನೆ, ಅಂದರೆ ಹಳೆಯ ಪಠ್ಯಕ್ರಮದ ಲೆಕ್ಕದಲ್ಲಿ 600 ಪದ. ಪೇಪರ್ ಓದಲು ಸಾಲದು. ಆದರೆ ಡಾಕ್ಟರು ಈಗ ನನ್ನ ಹತ್ತಿರ ಮಾತಾಡುತ್ತಾರೆ, ಮಗಳು ಪಕ್ಕದಲ್ಲಿ ಸುಮ್ನೆ ಕೂತಿರುತ್ತಾಳೆ.

ಅದಕ್ಕೇ ಕೇಳುತ್ತಿದ್ದೇನೆ. ನಮ್ಮವರನ್ನು ಅಲ್ಲಿಗೆ ಕಳಿಸುವ ಕಂಪನಿಗಳಲ್ಲಿ ನಿಮ್ಮಲ್ಲಿ ಯಾರಾದರೂ ಎಚ್‌ಆರ್ ಕೆಲಸದಲ್ಲಿದ್ದರೆ, ದಯವಿಟ್ಟು ಪಾಠವನ್ನು ಇಬ್ಬರಿಗೂ ಕೊಡಿ. ಒಬ್ಬರಿಗೇ ಆಗುವುದಾದರೆ ಮನೆಯಲ್ಲಿರುವವರಿಗೆ ಕೊಡಿ. ಬೀದಿಯಲ್ಲಿ ಓಡಾಡುವವರು ಅವರು. ಮತ್ತೆ ಹೊಸದಾಗಿ ಹೋಗುವ ಅಕ್ಕ ತಂಗಿಯರೇ, ಯಾರಾದರೂ "ಎರಡು ವರ್ಷಕ್ಕೆ ಯಾಕೆ" ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡು ವರ್ಷ ಅಂದರೆ ಏಳುನೂರಕ್ಕೂ ಹೆಚ್ಚು ದಿನ ಬಾಗಿಲಾಚೆ ಕಾಲಿಡಬೇಕು.

ವಿಮಾನ ಹತ್ತುವ ಮುಂಚೆ ಇಷ್ಟನ್ನು ನೋಡಿದರೆ ಗುರುತು ಹಿಡಿಯುವಷ್ಟಾದರೂ ಕಲಿಯಿರಿ: ನೀರು, ಕರೆಂಟು, ನಿಲ್ಲು, ಒಳಗೆ, ಹೊರಗೆ, ಹೆಣ್ಣು, ಗಂಡು, ಉಪ್ಪು, ಅಕ್ಕಿ, ಹಾಲು, ಮೊಟ್ಟೆ, ಔಷಧಿ, ನೋವು, ಜ್ವರ. 'ನಿಲ್ಲು' ಪಕ್ಕದಲ್ಲಿ 'ನೀರು' ಬರೆದು ಲಿಫ್ಟಿನಲ್ಲಿ ಚೀಟಿ ಅಂಟಿಸಿದ್ದರೆ ಅವತ್ತು ನಲ್ಲಿಯಲ್ಲಿ ನೀರು ಬರುವುದಿಲ್ಲ, ಬಕೆಟ್ ತುಂಬಿಸಿಡಿ. ಸಸ್ಯಾಹಾರಿಗಳಾದರೆ ಎಲ್ಲಕ್ಕಿಂತ ಮೊದಲು 'ಮಾಂಸ' ಕಲಿಯಿರಿ. ಅಲ್ಲಿ ಯಾವ ಪ್ರಾಣಿ ಅಂತ ಹೇಳದೆ ಬರೀ 'ಮಾಂಸ' ಅಂತ ಬರೆದಿದ್ದರೆ ಸಾಮಾನ್ಯವಾಗಿ ಅದು ಹಂದಿಯದು. ಅಕ್ಷರಗಳನ್ನು ಕೈಯಲ್ಲಿ ಬರೆದ ಹಾಳೆ ನನ್ನ ಹತ್ತಿರ ಇದೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಫೋಟೋ ತೆಗೆದು ಕಳಿಸುತ್ತೇನೆ.