ತೀರಿಕೊಂಡವರ ಪಿಂಚಣಿಯನ್ನು ಹುಡುಕುವ ಕುಟುಂಬಗಳಿಗೆ

ಮನೆಯವರು ತೀರಿಕೊಂಡ ಬಳಿಕ ಅವರ ಬ್ಯಾಂಕ್ ಠೇವಣಿ ಮತ್ತು ವಿಮೆಯ ಹಣವನ್ನು ಪಡೆಯುವ ಬಗೆಯನ್ನು ಇತ್ತೀಚೆಗೆ ಪ್ರಕಟವಾದ ಲೇಖನವೊಂದು ಚೆನ್ನಾಗಿ ವಿವರಿಸಿದೆ. ಆದರೆ ಖಾಸಗಿ ಕಾರ್ಖಾನೆಗಳಲ್ಲಿ ದುಡಿದವರ ಪಿಂಚಣಿಯ ಪ್ರಸ್ತಾಪ ಅದರಲ್ಲಿಲ್ಲ. 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ಪ್ರಕಾರ, ಸದಸ್ಯರು ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಜಮೆಯಾಗಿದ್ದರೂ ಪತ್ನಿಗೆ ಪಿಂಚಣಿ ಸಲ್ಲುತ್ತದೆ. ಜೊತೆಗೆ ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೂ ದೊರೆಯುತ್ತದೆ. ನಿವೃತ್ತಿಯ ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಸೇವೆ ಆಗಿರಲಿಲ್ಲವೆಂದು ಅರ್ಜಿಯನ್ನೇ ಹಾಕದೆ ಕೈಬಿಟ್ಟ ಕುಟುಂಬಗಳನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಹುಡುಕಾಟಕ್ಕೆ ಮೊದಲ ಆಧಾರ ಹಳೆಯ ಸಂಬಳದ ಚೀಟಿ. ಯುಎಎನ್, ಅಂದರೆ ಕೆಲಸ ಬದಲಾದರೂ ಸದಸ್ಯರಿಗೆ ಒಂದೇ ಆಗಿರುವ ಸಂಖ್ಯೆ, ಬಂದದ್ದು 2014ರಲ್ಲಿ; ಅದಕ್ಕೂ ಮೊದಲು ಕೆಲಸ ಬಿಟ್ಟವರಿಗೆ ಪಿ.ಎಫ್. (ಭವಿಷ್ಯ ನಿಧಿ) ಸಂಖ್ಯೆಯೇ ಗುರುತು, ಮತ್ತು ಕಚೇರಿಯ ಸಂಕೇತ, ಸಂಸ್ಥೆಯ ಸಂಖ್ಯೆ, ನೌಕರರ ಖಾತೆ ಸಂಖ್ಯೆ ಎಲ್ಲವೂ ಅದರಲ್ಲೇ ಇರುತ್ತವೆ. ಚೀಟಿ ಸಿಗದಿದ್ದರೆ ಭವಿಷ್ಯ ನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಕೊಟ್ಟು ಹುಡುಕಬಹುದು, ಇಲ್ಲವೇ ಜೊತೆಯಲ್ಲಿ ದುಡಿದವರ ಚೀಟಿಯನ್ನು ಕೇಳಿ ನೋಡಿದರೆ ಸಂಸ್ಥೆಯ ಸಂಖ್ಯೆಯಾದರೂ ತಿಳಿಯುತ್ತದೆ. ಕಾರ್ಖಾನೆ ಮುಚ್ಚಿತೆಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಮಾಲೀಕರ ಸಹಿಯ ಬದಲು ಬ್ಯಾಂಕ್ ವ್ಯವಸ್ಥಾಪಕರ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣದೊಂದಿಗೆ ಅರ್ಜಿ ಸಲ್ಲಿಸಬಹುದು.

ಪಿಂಚಣಿಗೆ ನಮೂನೆ 10-ಡಿ, ಭವಿಷ್ಯ ನಿಧಿಯ ಮೊತ್ತಕ್ಕೆ ನಮೂನೆ 20, ಸೇವೆಯಲ್ಲಿದ್ದಾಗ ಮರಣ ಸಂಭವಿಸಿದ್ದರೆ ನಿಧಿಯ ಜೊತೆಗಿರುವ ವಿಮೆಗೆ ನಮೂನೆ 5-ಐಎಫ್ ಬೇಕಾಗುತ್ತದೆ. ಮರಣ ಪ್ರಮಾಣಪತ್ರ, ಆಧಾರ್ ಮತ್ತು ನಿಧಿಯ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂಬುದನ್ನು ಅರ್ಜಿ ಕೊಡುವ ಮೊದಲೇ ದಯವಿಟ್ಟು ಪರಿಶೀಲಿಸಿಕೊಳ್ಳಿ.