ವಿಂಟರ್ ಜಾಸ್ಮಿನ್ ಬೇರೆ, ಫೋರ್ಸಿಥಿಯಾ ಬೇರೆ

ಚಳಿ ಪ್ರದೇಶದ ತೋಟಗಳಲ್ಲಿ ಬೆಳೆಸುವ ಪೊದೆಗಿಡಗಳಾದ ವಿಂಟರ್ ಜಾಸ್ಮಿನ್ ಮತ್ತು ಫೋರ್ಸಿಥಿಯಾ ಎರಡೂ ಒಂದೇ ಗಿಡ, ಚಳಿಗೆ ಮುಂಚೆ ಚೆನ್ನಾಗಿ ಕತ್ತರಿಸಿದರೆ ಜಾಸ್ತಿ ಹೂ ಬಿಡುತ್ತದೆ ಅಂತ ಒಂದು ಪೋಸ್ಟ್ ಓಡಾಡುತ್ತಿದೆ. ಎರಡು ಮಾತೂ ತಪ್ಪು.

ಎರಡೂ ಒಂದೇ ಕುಟುಂಬದವು, ಹೂ ಹಳದಿ, ಎಲೆ ಬರುವ ಮೊದಲೇ ಬರಿ ಕಡ್ಡಿಯಲ್ಲಿ ಅರಳುತ್ತವೆ. ಹಾಗಾಗಿ ಗೊಂದಲ ಸಹಜ. ಆದರೆ ಒಂದು ಹೂ ಹತ್ತಿರದಿಂದ ನೋಡಿ. ಫೋರ್ಸಿಥಿಯಾಗೆ 4 ಎಸಳು, ವಿಂಟರ್ ಜಾಸ್ಮಿನ್‌ಗೆ 5 ಅಥವಾ 6. ಹೂ ಇಲ್ಲದಿದ್ದರೆ ಕಡ್ಡಿಯನ್ನು ಬೆರಳಲ್ಲಿ ಉರುಳಿಸಿ: ಜಾಸ್ಮಿನ್ ಕಡ್ಡಿ ಎಳೆಯದಾಗಿದ್ದಾಗ ಹಸಿರಾಗಿ, ನಾಲ್ಕು ಮೂಲೆಯಾಗಿ ಇರುತ್ತದೆ, ಎಲೆ ಉದುರಿದ ಮೇಲೂ ಆ ಹಸಿರು ಹೋಗುವುದಿಲ್ಲ. ಫೋರ್ಸಿಥಿಯಾ ಕಡ್ಡಿ ಕಂದು ಹಳದಿ, ಮೇಲೆಲ್ಲ ಸಣ್ಣ ಗುಳ್ಳೆ. ಜಾಸ್ಮಿನ್ ಎಲೆ ಮೂರು ಪುಟ್ಟ ಎಲೆಗಳ ಗೊಂಚಲು. ಮಲ್ಲಿಗೆ ಜಾತಿ ಅಂತ ಘಮ ಹುಡುಕಬೇಡಿ, ಇದಕ್ಕೆ ವಾಸನೆ ಇಲ್ಲ ಅಂತಲೇ ಹೇಳಬೇಕು.

ಇನ್ನು ಕತ್ತರಿಸುವ ವಿಷಯ, ನನಗೆ ಹೆಚ್ಚು ಸಂಕಟ ಆಗೋದು ಇದಕ್ಕೇ. ಹೂ ಬರುವುದು ಹಿಂದಿನ ಬೇಸಿಗೆಯಲ್ಲಿ ಬೆಳೆದ ಕಡ್ಡಿಯಲ್ಲಿ, ಮೊಗ್ಗು ಚಳಿಗೆ ಮೊದಲೇ ಕೂತಿರುತ್ತದೆ, ಆಗ ಕತ್ತರಿ ಹಾಕಿದರೆ ಆ ವರ್ಷದ ಹೂವನ್ನೇ ಸುಮ್ನೆ ಕತ್ತರಿಸಿ ಎಸೆದ ಹಾಗೆ ಅಲ್ವಾ? ಹೂ ಮುಗಿದ ಕೂಡಲೇ ಕತ್ತರಿಸಿ.

ವಿಂಟರ್ ಜಾಸ್ಮಿನ್ ತಾನಾಗಿ ಸುತ್ತಿಕೊಂಡು ಹತ್ತುವ ಬಳ್ಳಿಯೂ ಅಲ್ಲ. ಗೋಡೆಗೆ ಬೇಕಾದರೆ ಕಟ್ಟಬೇಕು. ಇಳಿಜಾರಿನಲ್ಲಿ ಬಿಟ್ಟರೆ ಕಡ್ಡಿ ಬಾಗಿ ಮಣ್ಣು ಮುಟ್ಟಿದಲ್ಲೆಲ್ಲ ಬೇರು ಬಿಡುತ್ತದೆ. ಹೊಸ ಗಿಡ ಬೇಕಾದವರು ಹಾಗೆ ಬೇರೂರಿದ ತುಂಡನ್ನೇ ಕತ್ತರಿಸಿ ನೆಡಬಹುದು.